ನೆಲದೋಟದ ಅವಘಡಗಳು: ಹಾವೇರಿ ಸುತ್ತಿನ ವಿಮಾನ ಪಟ್ಟಿಗಳು

ರನ್‌ವೇಗೆ ಹೋಗುವಾಗ ಅಥವಾ ಇಳಿದ ಮೇಲೆ ನಿಲ್ದಾಣದ ಕಡೆಗೆ ತಿರುಗುವಾಗ ವಿಮಾನ ತನ್ನ ಗಾಲಿಗಳ ಮೇಲೆ ನಿಧಾನವಾಗಿ ಸಾಗುವುದನ್ನು ಟ್ಯಾಕ್ಸಿಯಿಂಗ್ ಎನ್ನುತ್ತಾರೆ. ಈ ಓಟದಲ್ಲಿ ಆಗುವ ಅಪಘಾತಗಳು ಸುದ್ದಿಯಾಗುವುದು ಕಡಿಮೆ. ಸರಕು ವಿಮಾನದ್ದಾದರೆ ಇನ್ನೂ ಕಡಿಮೆ. ಸರಕು ಏರಿಸುವಾಗಿನ ಕೆಲವು ಅವಘಡಗಳಂತೂ ಲೆಕ್ಕಕ್ಕೇ ಸೇರುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಅಪಘಾತದ ಗಣನೆ ಶುರುವಾಗುವುದು ಹಾರಾಟದ ಉದ್ದೇಶದಿಂದ ಯಾರಾದರೂ ವಿಮಾನ ಹತ್ತಿದ ಮೇಲೆ, ಮುಗಿಯುವುದು ಎಲ್ಲರೂ ಇಳಿದಾಗ. ಒಳಗೆ ಯಾರೂ ಇಲ್ಲದ ವಿಮಾನಕ್ಕೆ ಮೂಟೆ ಏರಿಸುವಾಗ ಅದು ಬಾಲದ ಮೇಲೆ ಕುಸಿದರೆ ಆ ಲೆಕ್ಕಕ್ಕೆ ಬರುವುದಿಲ್ಲ.

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ಇಲ್ಲಿಯವರು ವಿಮಾನ ಹತ್ತಲು ಉತ್ತರಕ್ಕೆ ಸುಮಾರು 75 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗುತ್ತಾರೆ. ಹಾಗಾಗಿ ಈ ಲೇಖನದ ಘಟನೆಗಳೆಲ್ಲ ಜಿಲ್ಲೆಯ ಗಡಿಯಾಚೆಯವು.

ಈ ಸೀಮೆಗೆ ಮೊದಮೊದಲು ವಿಮಾನ ಹೊತ್ತು ತಂದ ಸರಕು ಟಪಾಲು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ಒಯ್ದ ಪೈಲಟ್ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದ್ರಾಸು ತಲುಪಿದರು. ವಿಮಾನ ಒಂಟಿ ಎಂಜಿನ್ನಿನ ಪುಸ್ ಮಾತ್. ಬಾಲ ನೆಲಕ್ಕೆ, ಮೂಗು ಆಕಾಶಕ್ಕೆ ನಿಲ್ಲುವ ಅಂಥ ವಿಮಾನಗಳಲ್ಲಿ ನೆಲದ ಮೇಲೆ ಓಡುವಾಗ ಪೈಲಟ್‌ಗೆ ನೇರ ಮುಂದಿನದು ಕಾಣುತ್ತಿರಲಿಲ್ಲ. ಅತ್ತಿತ್ತ ಹೊರಳಿಸುತ್ತ, ಪಕ್ಕದಿಂದ ಇಣುಕುತ್ತ ಸಾಗಬೇಕು. ಅಡ್ಡಗಾಳಿ ಬಾಲಕ್ಕೆ ಹೊಡೆದರೆ ವಿಮಾನ ಇದ್ದಲ್ಲೇ ಗಿರಕಿ ಹೊಡೆದು ರೆಕ್ಕೆಯ ತುದಿ ನೆಲಕ್ಕೆ ತಾಗುವುದೂ ಉಂಟು.

ಗಾಳಿಗಿಂತ ದೊಡ್ಡ ವೈರಿ ಮಣ್ಣು. ಮುಂಬಯಿಯ ಜುಹು ಪಟ್ಟಿ ಮಳೆಗಾಲದಲ್ಲಿ ನೀರಿನಡಿ ಸೇರುತ್ತಿದ್ದುದರಿಂದ ಟಾಟಾ ಅವರ ಟಪಾಲು ಸೇವೆ ಆ ತಿಂಗಳುಗಳಲ್ಲಿ ಪುಣೆಗೆ ಸರಿಯುತ್ತಿತ್ತು. ಬಳ್ಳಾರಿಯಿಂದ ಹುಬ್ಬಳ್ಳಿಯವರೆಗೆ ಹರಡಿದ ಎರೆಭೂಮಿಯ ಗುಣ ರೈತನಿಗೆ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಹಿಗ್ಗಿ ಅಂಟಾಗುತ್ತದೆ. ಚಕ್ಕಡಿಯೇ ಅಚ್ಚಿನವರೆಗೆ ಹೂತುಹೋಗುವ ಮಣ್ಣು ಇದು. ಡಾಂಬರಿನ ಅಂಚು ದಾಟಿದ ಟನ್ನುಗಟ್ಟಲೆ ತೂಕದ ವಿಮಾನದ ಗಾಲಿಯನ್ನು ಅದು ಹಾಗೆಯೇ ಹಿಡಿಯುತ್ತದೆ. ಒಂದು ಗಾಲಿ ಹೂತು ಇನ್ನೊಂದು ಓಡುತ್ತಿದ್ದರೆ ವಿಮಾನ ತಿರುಗುತ್ತದೆ, ಗಾಲಿಯ ಕಾಲು ಮುರಿಯುತ್ತದೆ, ಪ್ರೊಪೆಲ್ಲರ್ ನೆಲ ಅಗೆಯುತ್ತದೆ. ಚಿಕ್ಕ ಪಟ್ಟಿಗಳಲ್ಲಿ ಈ ಅಪಾಯ ಹೆಚ್ಚು. ಪ್ರತ್ಯೇಕ ಟ್ಯಾಕ್ಸಿವೇ ಇಲ್ಲದ ಕಡೆ ವಿಮಾನ ರನ್‌ವೇ ಮೇಲೆಯೇ ಹಿಂತಿರುಗಿ ಬರಬೇಕು, ತುದಿಯ ಇಕ್ಕಟ್ಟಿನಲ್ಲಿ ಪೂರ್ತಿ ಹೊರಳಬೇಕು.

ಸರಕಿನದು ಇನ್ನೊಂದು ತೊಡಕು. ಚಕ್ಕಡಿ ಹೇರುವವರು ಹಿಂಭಾರವಾಗದಂತೆ ನೋಡಿಕೊಳ್ಳುತ್ತಾರೆ, ಇಲ್ಲದಿದ್ದರೆ ನೊಗ ಎತ್ತುಗಳ ಕೊರಳು ಬಿಟ್ಟು ಮೇಲೇಳುತ್ತದೆ. ವಿಮಾನಕ್ಕೂ ಇದೇ ಲೆಕ್ಕ. ಎಟಿಆರ್ 72 ವಿಮಾನಕ್ಕೆ ಸರಕು ಏರಿಸುವಾಗ ಬಾಲದಡಿ ಊರುಗೋಲು ಕೊಡುವುದು ಅದಕ್ಕಾಗಿಯೇ.

ಹುಬ್ಬಳ್ಳಿ ವಿಮಾನ ನಿಲ್ದಾಣವನ್ನು 1974ರಲ್ಲಿ ಲೋಕೋಪಯೋಗಿ ಇಲಾಖೆ ಕಟ್ಟಿತು. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ತನ್ನ ಮೊದಲ ಸೇವೆಯನ್ನು ಬೆಂಗಳೂರು ಹುಬ್ಬಳ್ಳಿ ನಡುವೆ ಆರಂಭಿಸಿತು. 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್‌ನ ಬೊಂಬಾರ್ಡಿಯರ್ ಕ್ಯೂ400 ಮಳೆಯಲ್ಲಿ ಇಳಿದು ಎಡಕ್ಕೆ ಸರಿಯಿತು. ಅಂಚಿನ ದೀಪಗಳಿಗೆ ಬಡಿದು ಎಡಗಡೆಯ ಗಾಲಿಯ ಕಾಲು ಮುರಿದುಕೊಂಡಿತು. ಜೀವಹಾನಿ ಆಗಲಿಲ್ಲ. 2021ರ ಜೂನ್ 14ರಂದು ಕಣ್ಣೂರಿನಿಂದ ಬಂದ ಇಂಡಿಗೋ ಎಟಿಆರ್‌ನ ಟೈರ್ ಇಳಿಯುವಾಗ ಒಡೆಯಿತು, ಎಲ್ಲರೂ ಕ್ಷೇಮ. ಎರಡೂ ಇಳಿದ ಹೊತ್ತಿನ ಓಟದಲ್ಲಿ ಆದವು, ಕಟ್ಟುನಿಟ್ಟಾಗಿ ಹೇಳಿದರೆ ಟ್ಯಾಕ್ಸಿಯಿಂಗ್ ಅಲ್ಲ. ಎರಡೂ ಪ್ರಯಾಣಿಕರ ವಿಮಾನಗಳೇ. ಆದರೂ ಅವು ಈ ಲೇಖನದ ವಿಷಯಕ್ಕೆ ಹತ್ತಿರವಾದವು.

ದೂರದ ಪಟ್ಟಿಯಲ್ಲಿ ನೆಲದ ಓಟವೇ ಕೊಲ್ಲಬಲ್ಲದು ಎಂಬುದಕ್ಕೆ ನೇಪಾಳದ ಲುಕ್ಲಾ ಸಾಕ್ಷಿ. ಅಲ್ಲಿನ ರನ್‌ವೇ 527 ಮೀಟರ್, ಅದೂ ಇಳಿಜಾರಿನದು. 2019ರ ಏಪ್ರಿಲ್ 14ರಂದು ಪ್ರಯಾಣಿಕರಿಲ್ಲದೆ ಹೊರಟ ಲೆಟ್ ಎಲ್-410 ವಿಮಾನ ಏರುವ ಓಟದಲ್ಲೇ ಪಕ್ಕಕ್ಕೆ ತಿರುಗಿ, ನಿಂತಿದ್ದ ಹೆಲಿಕಾಪ್ಟರ್‌ಗಳಿಗೆ ಗುದ್ದಿತು. ಮೂವರು ಸತ್ತರು.

ಇನ್ನು ಹಾವೇರಿ ಜಿಲ್ಲೆಯ ಸರಕಿನ ಮಾತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯ ಒಣಮೆಣಸಿನಕಾಯಿ ಲಾರಿ ಮತ್ತು ಶೀತಲ ಗೃಹಗಳನ್ನೇ ನೆಚ್ಚಿದೆ. ಹೊರೆ ದೊಡ್ಡದು, ಕೆಡುವ ಅವಸರವಿಲ್ಲ, ವಿಮಾನದ ಬಾಡಿಗೆ ಅದಕ್ಕೆ ಒಗ್ಗದು. ರಾಣೆಬೆನ್ನೂರಿನ ಹೈಬ್ರಿಡ್ ಬೀಜಗಳ ಲೆಕ್ಕ ಬೇರೆ: ತೂಕ ಕಡಿಮೆ, ಬೆಲೆ ಹೆಚ್ಚು. ಹುಬ್ಬಳ್ಳಿಯ ರನ್‌ವೇ ಈಗ 2,600 ಮೀಟರಿಗೆ ಬೆಳೆದಿದೆ. ದಕ್ಷಿಣಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಿಲ್ದಾಣದ್ದು 3.2 ಕಿ.ಮೀ. ರಾಣೆಬೆನ್ನೂರು ಈ ಎರಡರ ನಡುವೆ ಇದೆ.