ನಗರ ಕ್ಯಾಂಪಿಂಗ್

ನಗರದ ಒಳಗೆ ಅಥವಾ ಅಂಚಿನಲ್ಲಿರುವ ಶುಲ್ಕಸಹಿತ ಶಿಬಿರತಾಣದಲ್ಲಿ ಡೇರೆ, ಕ್ಯಾರವಾನ್ ಇಲ್ಲವೆ ವಸತಿವಾಹನದಲ್ಲಿ ತಂಗಿ, ಅಲ್ಲಿಂದ ಪೇಟೆಗೆ ಹೋಗಿಬರುವ ಪ್ರವಾಸಕ್ರಮ. ಯುರೋಪಿನಲ್ಲಿ ಹೆಚ್ಚು ರೂಢಿಯಲ್ಲಿದೆ. ವಿಹಾರಾರ್ಥ ಶಿಬಿರವಾಸಕ್ಕೆ ಸಂಘಟಿತ ರೂಪ ಬಂದದ್ದು ಇಂಗ್ಲೆಂಡಿನಲ್ಲಿ, 1901ರಲ್ಲಿ ಥಾಮಸ್ ಹೈರಮ್ ಹೋಲ್ಡಿಂಗ್ ಮುಂದಾಳತ್ವದಲ್ಲಿ ಹುಟ್ಟಿದ ಸೈಕಲ್ ಶಿಬಿರವಾಸಿಗಳ ಸಂಘದಿಂದ. ಎರಡನೆಯ ಮಹಾಯುದ್ಧದ ಅನಂತರ ಕಾರು ಮತ್ತು ಸಂಬಳಸಹಿತ ರಜೆ ಸಾಮಾನ್ಯವಾದಂತೆ ನಗರಗಳ ಬಳಿ ತಾಣಗಳು ಹೆಚ್ಚಿದುವು.

ಈ ಕ್ರಮದ ಅನುಕೂಲ ಸ್ಪಷ್ಟವಾಗಿ ಕಾಣುವುದು ವೆನಿಸಿನಲ್ಲಿ. ಮುಖ್ಯಭೂಮಿಯಿಂದ 1933ರಲ್ಲಿ ತೆರೆದ ರಸ್ತೆಸೇತುವೆ ಪಿಯಾಟ್ಸಾಲೆ ರೋಮಾದಲ್ಲಿ ಮುಗಿಯುತ್ತದೆ. ಅದರಾಚೆ ಹಳೆಯ ನಗರದೊಳಗೆ ವಾಹನ ಸಾಗದು. ಆದ್ದರಿಂದ ಪ್ರವಾಸಿಗರು ಹಿನ್ನೀರಿನ ಅಂಚಿನ ಫುಸೀನಾದಲ್ಲಿ ಬಿಡಾರ ಹೂಡಿ, ದೋಣಿಯಲ್ಲಿ ಜಾತ್ತೆರೆ ದಂಡೆಗೆ ಹೋಗುತ್ತಾರೆ. ಫುಸೀನಾ ತಾಣದ ಕಟ್ಟಡಗಳನ್ನು 1950ರ ದಶಕದಲ್ಲಿ ವಿನ್ಯಾಸಗೊಳಿಸಿದವನು ಹೆಸರಾಂತ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಎಂಬುದು ಗಮನಾರ್ಹ. ಪ್ಯಾರಿಸಿನ ತಾಣ ಬುವಾ ದ ಬುಲೋನ್ ಉದ್ಯಾನದ ಪಕ್ಕ, ಸೇನ್ ನದಿಯ ದಂಡೆಯಲ್ಲಿದೆ; ಮ್ಯೂನಿಕ್‌ನದು ಇಸಾರ್ ನದಿಯ ಬಳಿಯ ಥಾಲ್‌ಕಿರ್ಖೆನ್‌ನಲ್ಲಿ.

ಸ್ನಾನಗೃಹ, ವಿದ್ಯುತ್ ಸಂಪರ್ಕ, ಬಟ್ಟೆ ಒಗೆಯುವ ಯಂತ್ರ, ಕೊಳಚೆನೀರು ವಿಸರ್ಜನೆ ಸಾಮಾನ್ಯ ಸೌಲಭ್ಯಗಳು. ಆದರೆ ತಾಣದ ನಿಜವಾದ ಬೆಲೆಯನ್ನು ನಿರ್ಧರಿಸುವುದು ಬಸ್ಸು, ಟ್ರಾಮ್ ಅಥವಾ ದೋಣಿಯ ಸಾಮೀಪ್ಯ. ಹೋಟೆಲಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ. ರಸ್ತೆಯ ಸದ್ದು ಮತ್ತು ಹಬ್ಬದ ದಿನಗಳ ಜನದಟ್ಟಣೆ ಇದರ ಮಿತಿಗಳು. ಹಳೆಯ ವಾಹನಗಳಿಗೆ ಮಾಲಿನ್ಯ ನಿಯಂತ್ರಣ ವಲಯಗಳೂ ಅಡ್ಡಿ: 2023ರಿಂದ ಲಂಡನ್ನಿನ ಎಲ್ಲ ಬರೋಗಳಲ್ಲೂ ಇಂಥ ವಲಯ ಜಾರಿಯಲ್ಲಿದೆ.