ಮುಮ್ಮಡಿ ಕೃಷ್ಣರಾಜ ಒಡೆಯರ್ (ಆಟಗಳ ರಚನಕಾರ)

ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868): ಮೈಸೂರಿನ ಅರಸರು, ಕಲಾಪೋಷಕರು, ಪಗಡೆ, ಗಂಜೀಫ, ಚದುರಂಗಗಳಲ್ಲಿ ಹೊಸ ಆಟಗಳನ್ನೂ ಲೆಕ್ಕದ ಒಗಟುಗಳನ್ನೂ ಕಟ್ಟಿದವರು. ಟಿಪ್ಪು ಮಡಿದ 1799ರಲ್ಲಿ, ಇನ್ನೂ ಬಾಲಕರಾಗಿದ್ದಾಗಲೇ ಪಟ್ಟಕ್ಕೆ ಬಂದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡ ಮೇಲೆ ಅವರಿಗೆ ಉಳಿದದ್ದು ಅರಮನೆ, ಬಿರುದು, ವಿದ್ವಾಂಸರ ಒಡನಾಟ. ಅಧಿಕಾರವಿಲ್ಲದ ದೊರೆಯ ಕಾಲಹರಣವೆಂದು ಅವರ ಆಟಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಇವುಗಳ ಹಿಂದೆ ನಿಯಮ ಕಟ್ಟುವ ಬುದ್ಧಿಯ ಎಡೆಬಿಡದ ದುಡಿಮೆಯಿದೆ.

ಅವರ ಹೆಸರಿನಲ್ಲಿ ಸಿದ್ಧವಾದ ಸಚಿತ್ರ ಗ್ರಂಥ ‘ಶ್ರೀತತ್ತ್ವನಿಧಿ’ಯಲ್ಲಿ ‘ನಿಧಿ’ಗಳೆಂಬ ಒಂಬತ್ತು ಭಾಗಗಳಿವೆ. ಮೊದಲ ನಿಧಿಗಳಲ್ಲಿ ದೇವತಾಮೂರ್ತಿಗಳ ಧ್ಯಾನವಿದ್ದರೆ, ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿವೆ. ಅಲ್ಲಿ ಬರುವ 13 ಬಗೆಯ ಗಂಜೀಫಗಳಲ್ಲಿ (ಎಲೆಯಾಟಗಳಲ್ಲಿ) ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360. ಹಾಸಿನ ಮೇಲೆ ಕಾಯಿ ನಡೆಸುವ ‘ದೇವೀ ಸಾಯುಜ್ಯ’ದಂತಹ ಆಟಗಳನ್ನೂ ಅವರು ರಚಿಸಿದರು.

ದಾಳ, ಕವಡೆಗಳ ಅದೃಷ್ಟಕ್ಕೆ ಎಡೆಯೇ ಇಲ್ಲದ ಅವರ ರಚನೆಗಳೆಂದರೆ ಚದುರಂಗದ ಕುದುರೆ ನಡಿಗೆಗಳು. ಕುದುರೆ ತನ್ನ ನಡೆಯಲ್ಲೇ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಬೇಕು. ಇದು ನಮ್ಮಲ್ಲಿ ಹಳೆಯ ವಿದ್ಯೆ. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ತುರಗಪದ ಎಂಬ ಚಿತ್ರಬಂಧವಾಗಿ, ಅಂದರೆ ಅಕ್ಷರಗಳನ್ನು ಮನೆಗಳಲ್ಲಿ ಜೋಡಿಸಿದ ಪದ್ಯವಾಗಿ ಬಂದಿದೆ. ಮುಮ್ಮಡಿಯವರು ಅದನ್ನು ಅಂಕಿಗಳ ಕಡೆಗೆ ಒಯ್ದರು. ಅವರ ಅತ್ಯುತ್ತಮ ಸಾಧನೆ 12 ಸಾಲು, 12 ಕಂಬಗಳ ಮಣೆಯದು. ಕುದುರೆ ಮುಟ್ಟಿದ ಕ್ರಮದಲ್ಲಿ 1ರಿಂದ 144ರವರೆಗೆ ಅಂಕಿ ಬರೆದರೆ, ಯಾವ ಸಾಲನ್ನು ಕೂಡಿದರೂ ಯಾವ ಕಂಬವನ್ನು ಕೂಡಿದರೂ 870. ಒಂದು ಹೆಜ್ಜೆ ಬದಲಿಸಿದರೂ ನಡಿಗೆ ತಪ್ಪುತ್ತದೆ, ಮೊತ್ತವೂ ಕೆಡುತ್ತದೆ. ಎರಡು ಕಟ್ಟುಪಾಡುಗಳನ್ನೂ ಒಟ್ಟಿಗೆ ಕಾಯ್ದು, ಯಂತ್ರದ ನೆರವಿಲ್ಲದೆ ಇದನ್ನು ಸಾಧಿಸಿದ್ದು ಅಸಾಮಾನ್ಯ. ಈ ಗಾತ್ರದ ಮಣೆಯಲ್ಲಿ ದೊರೆತಿರುವ ಇಂತಹ ನಡಿಗೆಗಳಲ್ಲಿ ಇದೇ ಮೊದಲನೆಯದೆಂದು ಚದುರಂಗದ ಇತಿಹಾಸಕಾರರು ಗುರುತಿಸಿದ್ದಾರೆ. ಕನ್ನಡದ ಗಣಿತ ಪಾಠಗಳಲ್ಲಿ ಇದಕ್ಕೆ ಜಾಗ ಸಿಗಬೇಕು.

ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಹಾಸುಗಳ ಚಿತ್ರಗಳಿವೆ. ಇತಿಹಾಸಕಾರ್ತಿ ಆರ್. ವಸಂತಾ ಈ ಆಟಗಳನ್ನು ಅಭ್ಯಸಿಸಿ ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಆಟಗಳನ್ನು ಮತ್ತೆ ಆಡುವವರ ಕೈಗೆ ತಂದಿದೆ.