ಕೀಲಿಮಣೆಯ ವಯರು ನಡೆದು ಬಂದ ದಾರಿ

ಕಳೆದ ಅಕ್ಟೋಬರ್ ತಿಂಗಳ ಕೊನೆಯ ವಾರ. ನಮ್ಮ ಸಂಘದ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಕೊನೆಯ ಎಂಟು ಪುಟಗಳು ಮರುದಿನ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾಗಿತ್ತು. ಸಂಜೆ ನಾವು ಮೂವರು ಕಂಪ್ಯೂಟರಿನ ಮುಂದೆ ಕುಳಿತರೆ ಕೀಲಿಮಣೆ ಮೌನವ್ರತ ಹಿಡಿದಿತ್ತು. ಓಡಿಹೋಗಿ ಹೊಸದೊಂದನ್ನು ಕೊಂಡು ತಂದು ಸಿಕ್ಕಿಸಿದೆವು, ಅದೂ ಮೂಕ. ರಾತ್ರಿ ಒಂಬತ್ತರ ಸುಮಾರಿಗೆ ಹಳೆಯ ಕೀಲಿಮಣೆಯನ್ನೇ ಸಿಪಿಯು ಪೆಟ್ಟಿಗೆಯ ಹಿಂಬದಿಯ ಪೋರ್ಟಿಗೆ ಸಿಕ್ಕಿಸಿದಾಗ ಅಕ್ಷರಗಳು ಮೂಡಿದವು. ಕೆಟ್ಟಿದ್ದದ್ದು ಮುಂಬದಿಯ ಪೋರ್ಟ್. ನಾವು ದಂಡ ತೆತ್ತದ್ದು ಕೀಲಿಮಣೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಈ ಪ್ರಸಂಗದ ಬಳಿಕ ಆ ವಯರಿನ ಪೂರ್ವಚರಿತ್ರೆಯನ್ನು ಓದಿ ನೋಡಿದೆವು. ಆಗ ತಿಳಿದ ಮಾತು ಇಷ್ಟೆ: ಕೀಲಿಮಣೆಯ ಒಂದೊಂದು ಕಾಯಿಲೆಯೂ ಅದರ ಇತಿಹಾಸದ ಒಂದೊಂದು ಅಧ್ಯಾಯದಿಂದ ಬಂದದ್ದು. ಚರಿತ್ರೆ ಬಲ್ಲವನಿಗೆ ಚಿಕಿತ್ಸೆಯೂ ಸುಲಭ.

1981ರಲ್ಲಿ ಐಬಿಎಂ ಸಂಸ್ಥೆಯ ಪಿಸಿ ಹೊರಬಂದಾಗ ಅದರ ಕೀಲಿಮಣೆಗೆ ಐದು ಪಿನ್ನಿನ ದಪ್ಪ ದುಂಡು ಪ್ಲಗ್ಗಿತ್ತು. 1987ರಲ್ಲಿ ಅದೇ ಸಂಸ್ಥೆ ಪಿಎಸ್/2 ಎಂಬ ಹೊಸ ಮಾದರಿಯ ಜೊತೆಗೆ ಆರು ಪಿನ್ನಿನ ಸಣ್ಣ ದುಂಡು ಪ್ಲಗ್ಗನ್ನು ತಂದಿತು. ನಾವು ನೌಕರಿಗೆ ಸೇರಿದ ಕಾಲದಲ್ಲಿ ಕೀಲಿಮಣೆಗೆ ನೇರಳೆ, ಮೌಸಿಗೆ ಹಸಿರು ಎಂದು ಗುರುತು ಹಿಡಿಯುತ್ತಿದ್ದುದು ಇದನ್ನೇ. ಎರಡರ ಆಕಾರ ಒಂದೇ ಆದ್ದರಿಂದ ಅದಲು ಬದಲು ಮಾಡಿ ಪೇಚಾಡಿದವರು ಅನೇಕರು. ಯಂತ್ರ ಚಾಲೂ ಇರುವಾಗ ಈ ಪ್ಲಗ್ಗನ್ನು ಕಿತ್ತು ಮತ್ತೆ ಸಿಕ್ಕಿಸುವಂತಿರಲಿಲ್ಲ. ಒಳಗಿನ ವಿದ್ಯುನ್ಮಂಡಲಕ್ಕೇ ಹಾನಿಯಾಗುವ ಭಯವಿತ್ತು. ಪ್ರಿಂಟರಿಗೆ ಬೇರೆ ಪೋರ್ಟ್, ಮೋಡೆಮ್ಮಿಗೆ ಮತ್ತೊಂದು. ಪೆಟ್ಟಿಗೆಯ ಬೆನ್ನು ನೋಡಿದರೆ ತಲೆ ತಿರುಗುತ್ತಿತ್ತು.

ಈ ಗೋಜಲನ್ನು ಬಿಡಿಸಲು 1994ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್ ಮೊದಲಾದ ಏಳು ಸಂಸ್ಥೆಗಳು ಒಂದುಗೂಡಿದವು. ಇಂಟೆಲ್ ತಂಡದ ಮುಂದಾಳಾಗಿದ್ದವರು ಅಜಯ್ ಭಟ್. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದವರು. 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ನಿಯಮಾವಳಿ ಹೊರಬಿತ್ತು. ಪ್ಲಗ್ಗನ್ನು ಹೇಗೆ ಹಿಡಿದರೂ ಮೊದಲ ಸಲ ತಿರುಗುಮುರುಗಾಗುತ್ತದೆಂದು ನಾವೆಲ್ಲ ಗೊಣಗುತ್ತೇವಲ್ಲವೆ? ಎರಡೂ ಕಡೆಯಿಂದ ಕೂಡುವಂತೆ ಮಾಡಲು ಹೆಚ್ಚು ತಂತಿ, ಹೆಚ್ಚು ಖರ್ಚು ಬೇಕಾಗುತ್ತಿತ್ತು. ಅಂಥ ಪ್ಲಗ್ಗು 2014ರಲ್ಲಿ ‘ಸಿ’ ಮಾದರಿಯಾಗಿ ಬಂದಿತು.

ಯುಎಸ್‌ಬಿ ಕೀಲಿಮಣೆಯ ವಯರಿನೊಳಗೆ ನಾಲ್ಕೇ ತಂತಿ: ಎರಡು 5 ವೋಲ್ಟ್ ವಿದ್ಯುತ್ತಿಗೆ, ಎರಡು ಮಾತುಕತೆಗೆ. ಸಿಕ್ಕಿಸಿದೊಡನೆ ಕೀಲಿಮಣೆ ತಾನು ಬಂದಿರುವುದನ್ನು ಸೂಚಿಸುತ್ತದೆ, ಕಂಪ್ಯೂಟರು ‘ನೀನಾರು?’ ಎಂದು ವಿಚಾರಿಸಿ, ಒಂದು ವಿಳಾಸ ಸಂಖ್ಯೆ ಕೊಟ್ಟು, ತಕ್ಕ ಡ್ರೈವರನ್ನು ಹುಡುಕುತ್ತದೆ. ಹಳೆಯ ಪ್ಲಗ್ಗಿಗೆ ಇಂಥ ಪರಿಚಯ ಕಾರ್ಯಕ್ರಮವಿರಲಿಲ್ಲ. ಹೊಸ ಸೌಕರ್ಯದೊಂದಿಗೆ ಹೊಸ ತೊಡಕೂ ಬಂದಿತು: ತಂತಿ ಸರಿಯಿದ್ದರೂ ಪರಿಚಯ ಕೆಟ್ಟರೆ ಕೀಲಿಮಣೆ ಸತ್ತಂತೆ. 1998ರ ಏಪ್ರಿಲ್‌ನಲ್ಲಿ ಷಿಕಾಗೋ ನಗರದ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ಅವರ ಎದುರಿಗೇ ಯುಎಸ್‌ಬಿ ಸ್ಕ್ಯಾನರ್ ಸಿಕ್ಕಿಸಿದಾಗ ವಿಂಡೋಸ್ 98 ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು! ಅದೇ ವರ್ಷ ಆಗಸ್ಟಿನಲ್ಲಿ ಆಪಲ್ ಸಂಸ್ಥೆಯ ಐಮ್ಯಾಕ್ ತನ್ನ ಹಳೆಯ ಕೀಲಿಮಣೆ ಪೋರ್ಟನ್ನು ಕೈಬಿಟ್ಟು ಯುಎಸ್‌ಬಿಯನ್ನೇ ನೆಚ್ಚಿ ಮಾರುಕಟ್ಟೆಗೆ ಬಂದಿತು.

ಮುಂದಿನ ಅಧ್ಯಾಯ ಇನ್ನೂ ಬೋಧಪ್ರದ. 2008ರಲ್ಲಿ ಯುಎಸ್‌ಬಿ 3 ಬಂದಿತು. 2009ರ ವಿಂಡೋಸ್ 7ಕ್ಕೆ ಅದರ ಡ್ರೈವರ್ ಸ್ವತಃ ಗೊತ್ತಿರಲಿಲ್ಲ. 2015ರಲ್ಲಿ ಇಂಟೆಲ್ ತನ್ನ ಹೊಸ ಚಿಪ್ಪುಗಳಿಂದ ಹಳೆಯ ಯುಎಸ್‌ಬಿ ನಿಯಂತ್ರಕವನ್ನು ತೆಗೆದಾಗ, ಅಂಥ ಯಂತ್ರಗಳಲ್ಲಿ ವಿಂಡೋಸ್ 7 ಹಾಕಲು ಕುಳಿತವರಿಗೆ ವಿಚಿತ್ರ ಅನುಭವ: ಆರಂಭದ ಬಯಾಸ್ ಪರದೆಯಲ್ಲಿ ಕೆಲಸ ಮಾಡಿದ ಕೀಲಿಮಣೆ ವಿಂಡೋಸ್ ತೆರೆದೊಡನೆ ಸ್ತಬ್ಧ. ಅಲ್ಲಿ ಕೀಲಿಮಣೆಯದೂ ತಪ್ಪಿಲ್ಲ, ಪೋರ್ಟಿನದೂ ತಪ್ಪಿಲ್ಲ. ಅದೃಷ್ಟವಶಾತ್ ದುಂಡು ಪೋರ್ಟ್ ಉಳಿದಿದ್ದವರಿಗೆ ಮನೆಯ ಮೂಲೆಯ ಹಳೆಯ ಕೀಲಿಮಣೆಯೇ ಆಪದ್ಬಾಂಧವನಾಯಿತು.

ಈ ಚರಿತ್ರೆಯಿಂದ ಪರೀಕ್ಷೆಯ ಕ್ರಮವೂ ತಾನಾಗಿ ದೊರೆಯುತ್ತದೆ. ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಆ ದೀಪವನ್ನು ಹಚ್ಚುವುದು ಸಾಮಾನ್ಯವಾಗಿ ಕೀಲಿಮಣೆಯಲ್ಲ, ಕಂಪ್ಯೂಟರಿನ ಅಪ್ಪಣೆ. ಅದು ಹತ್ತಿ ಆರಿದರೆ ಮಾತುಕತೆ ನಡೆದಿದೆಯೆಂದೇ ಅರ್ಥ. ಹತ್ತದಿದ್ದರೆ ಹಿಂಬದಿಯ ಪೋರ್ಟಿಗೆ ಬದಲಿಸಿ. ಹಿಂಬದಿಯ ಪೋರ್ಟುಗಳು ಮುಖ್ಯ ಫಲಕದ ಮೇಲೆಯೇ ಕುಳಿತಿವೆ. ಮುಂಬದಿಯವು ಒಳಗಿನ ತೆಳು ವಯರಿನಿಂದ ಬಂದವು. ನಮ್ಮ ಸಂಘದ ಪೆಟ್ಟಿಗೆಯನ್ನು ಮರುದಿನ ವಿದ್ಯುತ್ ಕಿತ್ತು ಬಿಚ್ಚಿದಾಗ ಆ ವಯರಿನ ಕೊಂಡಿಯೇ ಸಡಿಲವಾಗಿತ್ತು. ನಡುವೆ ಹಬ್ ಇದ್ದರೆ ತೆಗೆಯಿರಿ: ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ ವಿದ್ಯುತ್ತು 500 ಮಿಲಿಆಂಪಿಯರ್ ಮಾತ್ರ, ನಾಲ್ವರು ಹಂಚಿಕೊಂಡರೆ ಕೀಲಿಮಣೆಗೆ ಉಪವಾಸ. ಅದಕ್ಕೂ ಬಗ್ಗದಿದ್ದರೆ ಬಯಾಸ್ ಪರದೆಯಲ್ಲಿ ಪರೀಕ್ಷಿಸಿ. ಅಲ್ಲಿ ನಡೆದು ವಿಂಡೋಸಿನಲ್ಲಿ ನಿಂತರೆ ದೋಷ ಡ್ರೈವರಿನದು. ಮೌಸಿನಿಂದ ಡಿವೈಸ್ ಮ್ಯಾನೇಜರ್ ತೆರೆದು ಕೀಲಿಮಣೆಯ ನಮೂದನ್ನು ತೆಗೆದು ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಹೊಸದಾಗಿ ಪರಿಚಯವಾಗುತ್ತದೆ. ಎಲ್ಲಕ್ಕೂ ಕೊನೆಗೆ ಕೀಲಿಮಣೆಯನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ. ಅಲ್ಲಿಯೂ ಮೂಕವಾದರೆ ಮಾತ್ರ ಹೊಸದು ಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತ ಪಾಠವನ್ನು ನಾವು ಆ ರಾತ್ರಿ ಮರೆತಿದ್ದೆವು.

ಕನ್ನಡಿಗರಾದ ನಮಗೆ ಇನ್ನೊಂದು ಮಾತು. ಕೀಲಿಮಣೆ ಕಳಿಸುವುದು ಅಕ್ಷರವನ್ನಲ್ಲ, ಯಾವ ಕೀಲಿ ಒತ್ತಿದೆವು ಎಂಬ ಸಂಖ್ಯೆಯನ್ನು. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ‘ಮ’ ಅಕ್ಷರ ‘ಎಂ’ ಕೀಲಿಯಲ್ಲಿದ್ದರೆ ಇನ್‌ಸ್ಕ್ರಿಪ್ಟಿನಲ್ಲಿ ‘ಸಿ’ ಕೀಲಿಯಲ್ಲಿದೆ. ಅದನ್ನು ತೀರ್ಮಾನಿಸುವುದು ತಂತ್ರಾಂಶ. ಆದ್ದರಿಂದ ಕನ್ನಡದ ಬದಲು ಬೇರೇನೋ ಮೂಡಿದರೆ ವಯರನ್ನು ಕೀಳಬೇಡಿ. ಪರಊರಿನಲ್ಲಿ ಕೊಂಡ, ಮೇಲೆ ಒಂದೂ ಕನ್ನಡ ಅಕ್ಷರವಿಲ್ಲದ ಕೀಲಿಮಣೆಯೂ ಕನ್ನಡ ಬರೆಯಬಲ್ಲದು.

ಅಂತೂ ನಮ್ಮ ಎಂಟು ಪುಟಗಳು ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹೋದವು. ಅಂದು ಕೊಂಡ ಹೊಸ ಕೀಲಿಮಣೆ ಸಂಘದ ಕಪಾಟಿನಲ್ಲಿದೆ. ಸದಸ್ಯರ ಮನೆಯಲ್ಲಿ ಕೀಲಿಮಣೆ ಮುಷ್ಕರ ಹೂಡಿದರೆ ಮೊದಲು ಅದನ್ನು ಒಯ್ದು ಪರೀಕ್ಷಿಸಬಹುದು. ಆಮೇಲೆ ಅಂಗಡಿಗೆ ಹೋದರಾಯಿತು.